ಶರಾವತಿಯ ಭಾನುವಾರದ ಬಸ್ಸು

ಗೋಪಾಳದ ಶರಾವತಿ ಟೀಚರ್ ವರ್ಷಗಟ್ಟಲೆ ಭದ್ರಾವತಿಯ ಶಾಲೆಗೆ ಬಸ್ಸಿನಲ್ಲಿ ಓಡಾಡಿದಳು. ಕಿಟಕಿ ಪಕ್ಕ ಕೂತರೆ ಸಾಕು, ನಿದ್ದೆ ಹತ್ತುತ್ತಿತ್ತು. ಭದ್ರಾವತಿ ಬಂದಾಗ ಕಂಡಕ್ಟರ್ ಎಬ್ಬಿಸುತ್ತಿದ್ದ. ಈ ಜೂನ್‌ನಲ್ಲಿ ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಶಾಲೆಗೆ ವರ್ಗವಾಯಿತು. ಇನ್ನಾದರೂ ಕಣ್ತುಂಬ ನಿದ್ದೆ ಮಾಡು ಎಂದು ಎಲ್ಲರೂ ಹರಸಿದರು.

ಹರಸಿದವರೇ ಕೆಲಸವನ್ನೂ ತಂದರು. ಅತ್ತೆಗೆ ನಸುಕಿನಲ್ಲೇ ಬಿಸಿ ದೋಸೆ ಬೇಕಾಯಿತು. ನಾದಿನಿಯ ಮಗಳಿಗೆ ಗಣಿತದ ಪಾಠ ಬೇಕಾಯಿತು. "ಸ್ಕೂಲು ಹೇಗೂ ಇಲ್ಲೇ ಇದೆಯಲ್ಲ" ಎಂಬುದೊಂದೇ ಎಲ್ಲರ ಮಾತು. ಆರೋಗ್ಯ ಇಲಾಖೆಯಲ್ಲಿರುವ ಗಂಡ ನಿರಂಜನ ನಿದ್ದೆಗೇಡಿನ ಅಪಾಯದ ಬಗ್ಗೆ ಊರೂರಲ್ಲಿ ಭಾಷಣ ಮಾಡುತ್ತಾನೆ. ಅವನು ಗೊರಕೆ ಹೊಡೆಯುವಾಗ ಆ ಭಾಷಣಗಳನ್ನು ಟೈಪ್ ಮಾಡುವವಳು ಶರಾವತಿ. ವಯಸ್ಕರಿಗೆ ಏಳು ಗಂಟೆ ನಿದ್ದೆ ಬೇಕೇ ಬೇಕು ಎಂಬ ಸಾಲನ್ನು ಅವಳು ಆಕಳಿಸುತ್ತಲೇ ದಪ್ಪ ಅಕ್ಷರದಲ್ಲಿ ಹಾಕುತ್ತಾಳೆ.

ಕಳೆದ ಭಾನುವಾರ, ಭದ್ರಾವತಿಯ ಗೆಳತಿಯ ಮನೆಯಲ್ಲಿ ಪೂಜೆ ಇದೆ ಎಂದು ಸುಳ್ಳು ಹೇಳಿ ಅವಳು ಆ ಹಳೇ ಬಸ್ಸು ಹತ್ತಿದಳು.

"ಎಲ್ಲಿ ಇಳೀತೀರಿ ಮಿಸ್?" ಎಂದ ಕಂಡಕ್ಟರ್.

"ಇಳಿಯಲ್ಲ ಮಾರಾಯ. ಇದೇ ಬಸ್ಸಲ್ಲಿ ವಾಪಸ್ ಬರ್ತೀನಿ. ಭದ್ರಾವತಿಯಲ್ಲಿ ಮಾತ್ರ ಎಬ್ಬಿಸಬೇಡ."