ಶಾಂತವ್ವನಿಗೆ ಓದದ ಹಾಳೆ

ಇವತ್ತು ಬ್ಯಾಡಗಿ ಮೆಣಸಿನಕಾಯಿ ಚೀಲ ಬಿಚ್ಚಿದೆ. ಘಾಟಿಗೆ ಸೀನು ಬಂತು, ಹಿಂದೆಯೇ ಶಾಂತವ್ವ ನೆನಪಾದಳು.

ನಾನು ಚಿಕ್ಕವಳಿದ್ದಾಗ ನಮ್ಮ ಪಡಸಾಲೆಯಲ್ಲಿ ಓಣಿಯ ಹೆಂಗಸರು ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದರು. ನಾನೂ ನಾಲ್ಕು ಮುರಿದು, ಆಮೇಲೆ ಅಜ್ಜನ ಹಳೆಯ ಕಾವ್ಯದ ಪುಸ್ತಕವನ್ನು ಅವರಿಗೆ ಓದಿ ಹೇಳಬೇಕಿತ್ತು. ರಾಜ ಕಾಡಿನಲ್ಲಿ ಬಿಟ್ಟುಹೋದ ರಾಣಿಯ ಕಥೆ. ಆ ಹೆಂಗಸರಲ್ಲೊಬ್ಬಳಾದ ಶಾಂತವ್ವನ ಗಂಡ ಮನೆ ಬಿಟ್ಟುಹೋಗಿ ವರ್ಷಗಳಾಗಿದ್ದವು. ಅವಳಿಗೆ ಓದು ಬರುತ್ತಿರಲಿಲ್ಲ. ರಾಣಿ ದಾರಿ ಕಾಯುವ ಭಾಗ ಬಂದರೆ ಸಾಕು, ಅವಳ ಕೈ ಚುರುಕಾಗುತ್ತಿತ್ತು.

ಒಂದು ದಿನ ಗೆಳತಿಯರು ಹೊರಗಿನಿಂದ ಆಟಕ್ಕೆ ಕರೆಯುತ್ತಿದ್ದರು.

“ಮುಂದ ಏನಾತು ತಂಗಿ? ರಾಜ ಬಂದ್ನೋ ಇಲ್ಲೋ?” ಎಂದಳು ಶಾಂತವ್ವ.

“ಅಂವ ಬರಲೇ ಇಲ್ಲ. ಕತಿ ಮುಗೀತು,” ಎಂದು ಪುಸ್ತಕ ಮುಚ್ಚಿದೆ.

ಎಲ್ಲರ ಕೈಗಳೂ ನಿಂತವು. ಶಾಂತವ್ವ ಬೈಯಲಿಲ್ಲ. “ಹಾಳಿ ಹರದಿರಬೇಕವ್ವಾ. ಹಂಗ ಮುಗ್ಯಾಂಗಿಲ್ಲ ಅದು,” ಎಂದು ಮತ್ತೊಂದು ಬೊಗಸೆ ಕಾಯಿ ಮುಂದಕ್ಕೆ ಎಳೆದುಕೊಂಡಳು. ನಾನು ಆಡಲು ಓಡಿದೆ. ನಾಚಿಕೆಯಿಂದ ಮುಂದೆಂದೂ ಆ ಸುಳ್ಳನ್ನು ತಿದ್ದಲಿಲ್ಲ.

ಪುಸ್ತಕ ಈಗ ನನ್ನ ಬಳಿಯೇ ಇದೆ. ರಾಜ ಮರಳಿ ಬರುವ ಆ ಕೊನೆಯ ಹಾಳೆ ಹರಿದಿಲ್ಲ. ಅದರ ಮೇಲೆ ನನ್ನ ಪುಟ್ಟ ಹೆಬ್ಬೆರಳಿನ ಕೆಂಪು ಗುರುತು ಹಾಗೇ ಇದೆ.