ಅವಳ ಕೋಣೆಯ ಮೇಲಿನ ಮಡಕೆಗಳು

ನಮ್ಮ ಮನೆಗೆ ಹಸಿರು ಮನೆ ಎಂಬ ಪ್ರಮಾಣಪತ್ರ ಸಿಕ್ಕಿದೆ. ಕಟ್ಟು ಹಾಕಿಸಿ ಹಾಲ್‌ನ ಗೋಡೆಗೆ ನೇತುಹಾಕಿದ್ದೇನೆ. ಅದಕ್ಕಾಗಿ ನಾನು ಬರೆದುಕೊಟ್ಟ ಹೇಳಿಕೆಯೊಂದಿದೆ: ತಾರಸಿಯ ಕಾಂಕ್ರೀಟಿನೊಳಗೆ, ಎಲ್ಲ ಕೋಣೆಗಳ ಮೇಲೂ, ಮಣ್ಣಿನ ಮಡಕೆಗಳನ್ನು ಬೋರಲು ಹಾಕಲಾಗಿದೆ, ನಾನು ಎದುರಿಗಿದ್ದು ನೋಡಿದ್ದೇನೆ. ಎದುರಿಗಿದ್ದದ್ದು ನಿಜ. ಏನು ನೋಡಿದೆ ಎಂಬುದು ಈಗ ನನಗೇ ಗೊತ್ತಿಲ್ಲ.

ನಂಜನಗೂಡಿನ ಅಂಚಿನಲ್ಲಿ, ಬಿಳಿಗೆರೆ ಕಡೆಯ ದಾರಿಯಲ್ಲಿ ಈ ಮನೆ ಕಟ್ಟಿಸಿದ್ದು ಹೆಂಡತಿಗಾಗಿ. ಅವಳಿಗೆ ನರದ ಕಾಯಿಲೆ. ಮೈ ಬಿಸಿಯಾದರೆ ಕೈಕಾಲಿನ ಬಲ ಇಳಿದುಹೋಗುತ್ತದೆ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಕರೆಂಟು ಹೋಗುವ ಊರಿನಲ್ಲಿ ಎಸಿ ನಂಬಿ ಕೂರುವಂತಿಲ್ಲ. ಮಡಕೆಯೊಳಗೆ ಸಿಕ್ಕಿಬಿದ್ದ ಗಾಳಿ ಬಿಸಿಲನ್ನು ತಡೆಯುತ್ತದೆ ಎಂದು ಅವಳಿಗೆ ಚಿತ್ರ ಬರೆದು ವಿವರಿಸಿದವನು ನಾನು. ಭೌತಶಾಸ್ತ್ರ ಓದಿದವನು.

ಮೊದಲ ಬೇಸಿಗೆಯಲ್ಲಿ ಹಾಲ್ ತಂಪಾಗಿತ್ತು, ಅಡುಗೆಮನೆಯೂ. ಅವಳ ಕೋಣೆ ಮಾತ್ರ ಮೂರು ಗಂಟೆಗೆಲ್ಲ ಕಾದ ಕಾವಲಿ. ಹಿಡಿಕೆ ಹಾಕಿಸಿದ ಬಚ್ಚಲು ಆ ಕೋಣೆಗೇ ಅಂಟಿಕೊಂಡಿದೆ. ಬೇರೆಡೆ ಮಲಗಿಸಿದರೆ ಅಲ್ಲಿಯವರೆಗೆ ಅವಳು ನಡೆಯಲಾರಳು. ನೀರಿನ ಲೋಟ ಅವಳ ಕೈಜಾರಿ ಬಿದ್ದ ದಿನ ಉದ್ದನೆಯ ಕೋಲು ತಂದು ಸೂರನ್ನು ತಟ್ಟಿದೆ. ಹಾಲ್‌ನಲ್ಲಿ ಟೊಳ್ಳು ಸದ್ದು. ಅವಳ ಕೋಣೆಯಲ್ಲಿ ಗಟ್ಟಿ ಸದ್ದು.

ಮರುದಿನ ನರಸೀಪುರದಲ್ಲಿ ಬಸ್ಸು ಬದಲಿಸಿ ಮೂಗೂರಿಗೆ, ನಮ್ಮ ಮನೆ ಕಟ್ಟಿದ ಮೇಸ್ತ್ರಿಯ ಮನೆಗೆ ಹೋದೆ.

"ಅವಳ ರೂಮಿನ ಮೇಲೆ ಮಡಕೆ ಹಾಕಲೇ ಇಲ್ಲ ಅಲ್ವಾ ಮೇಸ್ತ್ರಿ?"

"ಊಂ ಸಾ. ತೆಗುದ್ವಲ್ಲ."

"ಯಾರನ್ನ ಕೇಳಿ?"

"ನಿಮ್ಮುನ್ನೇ. ಮೋಲ್ಡ್ ಆಕೋ ದಿನ ಕರೆಂಟ್ ಪೈಪ್ಗೆ ಅಂತ ಸರುಸ್ವಾಗ ಒಂದ್ ಮಡ್ಕೆ ಒಡದೋಯ್ತಲ್ಲ? ಉಸಾರಿಲ್ದೋರ ತಲೆ ಮ್ಯಾಲೆ ಬರೀ ಮಡ್ಕೆ ಬ್ಯಾಡ ಸಾ, ಮಸಾಣದ್ ಗ್ಯಾನ ಬತ್ತದೆ ಅಂದೆ. ನೀವು ನಗಾಡುದ್ರಿ. ಆಮ್ಯಾಕೆ ತಗುದ್ಬುಡಿ ಅಂದ್ರಿ."

"ನಾನು ಹಾಗೆ ಹೇಳಿರೋಕೆ ಸಾಧ್ಯವೇ ಇಲ್ಲ."

"ನಾನ್ಯಾಕ್ ಸಾ ಸುಳ್ ಯೋಳ್ಲಿ? ಮಿಕ್ಕ ಮಡ್ಕೇಲಿ ನಾನೇನ್ ಮದ್ವೆ ಅಡ್ಗೆ ಮಾಡುಸ್ಲಾ? ನಿಮ್ ಇತ್ತಲಲ್ಲೇ ಬುಟ್ ಬಂದೀವ್ನಿ."

"ಓದ್ದೋರ್ಗೇ ಮರ್ವು ಜಾಸ್ತಿ ಕಣ್ರೀ," ಎಂದಳು ಒಳಗಿನಿಂದ ಅವನ ಹೆಂಡತಿ.

ಬಸ್ಸಿನಲ್ಲಿ ನೆನಪು ಕೆದಕಿದೆ. ಮಡಕೆ ಒಡೆದ ಸದ್ದು ನೆನಪಿದೆ. ನನ್ನ ನಗುವೂ ನೆನಪಿದೆ. ಆಮೇಲೆ, ಕಾಂಕ್ರೀಟು ಸುರಿದು ಮೋಲ್ಡ್ ಮುಗಿದ ಮೇಲೆ ಆಳುಗಳಿಗೆ ಹಾಕಿಸಿದ ಬಾಡೂಟದ ಮಸಾಲೆ ವಾಸನೆ. ನಡುವೆ ಏನೂ ಇಲ್ಲ. ಪ್ರಮಾಣಪತ್ರದವರಿಗೆ ಕೊಟ್ಟ ಫೋಟೋಗಳಲ್ಲಿ ಮಡಕೆಗಳಿವೆ, ಆದರೆ ಅವು ಹಿಂದಿನ ಸಂಜೆ ತೆಗೆದವು. ನನ್ನ ಬಾಯಿಂದ ಅಂಥ ಮಾತು ಬಂದಿರಲಾರದು. ಮೇಸ್ತ್ರಿಗೆ ಸುಳ್ಳು ಹೇಳಲು ಕಾರಣವೂ ಇಲ್ಲ.

ಹಿತ್ತಲಲ್ಲಿ ಮಡಕೆಗಳಿದ್ದವು. ಇಷ್ಟು ದಿನ ನಾನೇ ಪುದೀನ, ದೊಡ್ಡಪತ್ರೆ ಬೆಳೆಸಿ ನೀರು ಹಾಕುತ್ತಿದ್ದ ಮಡಕೆಗಳು. ಎಲ್ಲಿಂದ ಬಂದವು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಗಿಡ ಕಿತ್ತು, ಮಣ್ಣು ಸುರಿದು, ಎರಡೆರಡಾಗಿ ತಾರಸಿಗೆ ಹೊತ್ತೆ. ಕಾಂಕ್ರೀಟಿನ ಒಳಗಿಲ್ಲದಿದ್ದರೆ ಮೇಲಾದರೂ ಇರಲಿ. ಬಿಸಿಲಿಗೆ ಅಂಗಾಲು ಸುಡುತ್ತಿತ್ತು. ಬಚ್ಚಲಿನ ಕಡೆಯಿಂದ ಶುರುಮಾಡಿ ಸಾಲಾಗಿ ಬೋರಲು ಹಾಕುತ್ತ ಬಂದೆ. ತೆರೆದ ಕಿಟಕಿಯಿಂದ ಅವಳ ದನಿ ಕೇಳುತ್ತಿತ್ತು.

"ಏನ್ರೀ ಅದು ಸದ್ದು?"

"ಮಡಕೆ."

"ಈಗಲಾದ್ರೂ ತಂಪಾಗುತ್ತಾ?"

"ಆಗುತ್ತೆ."

ಕೆಳಗೆ ಮಂಚದಲ್ಲಿ ಅವಳು ಕಾಲು ಚಾಚುವ ಕಡೆ ಮುಗಿಯಿತು. ಮುಂದಿನದು ಸರಿಯಾಗಿ ಅವಳ ತಲೆಯ ನೇರಕ್ಕೆ ಬರಬೇಕಿತ್ತು. ಖಾಲಿ ಮಡಕೆಯನ್ನು ಬೋರಲು ಹಿಡಿದು ಬಗ್ಗಿದೆ. ಕೈ ಕೆಳಗಿಳಿಯಲಿಲ್ಲ. ಇನ್ನೊಮ್ಮೆ ಬಗ್ಗಿದೆ. ಬೆವರಿಗೆ ಮಡಕೆ ಜಾರೀತೆಂದು ಎದೆಗೆ ಅವುಚಿಕೊಂಡೆ.

ಮೇಸ್ತ್ರಿ ಸುಳ್ಳು ಹೇಳಿರಲಿಲ್ಲ.

"ನಿಂತೇಬಿಟ್ರಾ?" ಎಂದಳು ಅವಳು ಕೆಳಗಿನಿಂದ. "ಬೇಗ ಇಟ್ಟು ಬನ್ರೀ. ತಲೆ ಮೇಲೇ ಕೆಂಡ ಸುರಿದ ಹಾಗಿದೆ."