ಗೋಡೆಯಾಚೆಯ ಹಗ್ಗ

ಬಂದರಿನ ದಕ್ಕೆಯಲ್ಲಿ ಮಂಜುಗಡ್ಡೆ ಪುಡಿ ಮಾಡುವ ಸದ್ದು ಈಗಷ್ಟೇ ಶುರುವಾಗಿದೆ. ಗೋದಾಮುಗಳ ಹಿಂದಿನ ದಿಬ್ಬದ ಮೇಲೆ, ಹಳೆಯ ಇಗರ್ಜಿಯ ಗಂಟೆಗೋಪುರದ ಬುಡದಲ್ಲಿ, ಜೋನ್ ರೆಬೆಲ್ಲೊ ಚಪ್ಪಲಿ ಕಳಚಿ, ಸೆರಗು ಸಿಕ್ಕಿಸಿ ಒಳಗೆ ಕಾಲಿಡುತ್ತಾರೆ. ದೀಪ ಹಾಕುವುದಿಲ್ಲ. ಹಾಕಿದರೆ ಮೇಲೆ ತೂಗಿಕೊಂಡ ಬಾವಲಿಗಳು ಒಟ್ಟಿಗೇ ಎದ್ದು ಗೋಪುರವನ್ನೆಲ್ಲ ರೆಕ್ಕೆಯಿಂದ ಬಡಿಯುತ್ತವೆ. ಕತ್ತಲಲ್ಲೇ ಕೈಚಾಚಿ ಹಗ್ಗ ಹಿಡಿಯುತ್ತಾರೆ, ಎದೆಯ ಮೇಲೆ ಶಿಲುಬೆಯ ಗುರುತು ಮಾಡುತ್ತಾರೆ, ಹಗ್ಗವನ್ನು ಮೆಲ್ಲಗೆ ಒಮ್ಮೆ ಜಗ್ಗುತ್ತಾರೆ. ಆಮೇಲೆ ಕಾಯುತ್ತಾರೆ.

ಸ್ವಲ್ಪ ಹೊತ್ತಿಗೆ ಹಗ್ಗ ಅವರ ಅಂಗೈಯೊಳಗೇ ತಾನಾಗಿ ಮೇಲಕ್ಕೆ ಸರಿಯುತ್ತದೆ. ದಪ್ಪ ಗೋಡೆಯ ಆಚೆ ಯಾರೋ ಬಂದು ನಿಂತಿದ್ದಾರೆ. ಯಾರು? ಜೋನ್ ಅವರಿಗೆ ಗೊತ್ತಿಲ್ಲ. ಬಗ್ಗಿ ನೋಡುವ ಮನಸ್ಸೂ ಇಲ್ಲ. ಮೈಭಾರವನ್ನೆಲ್ಲ ಹಗ್ಗಕ್ಕೆ ಕೊಟ್ಟು ಎಳೆಯುತ್ತಾರೆ, ಆಚೆಯವರು ಬಿಡುತ್ತಾರೆ. ಆಚೆಯವರು ಎಳೆಯುತ್ತಾರೆ, ಇವರು ಬಿಡುತ್ತಾರೆ. ದಿಬ್ಬದಿಂದ ಹೊರಟ ದೊಡ್ಡ ಗಂಟೆಯ ಸದ್ದು ಮೀನಿನ ಮಾರುಕಟ್ಟೆ ದಾಟಿ ನದಿಯ ಮೇಲೆ ಹೋಗುತ್ತದೆ.

ಈ ಗಂಟೆಗೆ ಎರಡು ಹಗ್ಗ. ಒಂದು ಇಗರ್ಜಿಯ ಕಡೆ ಇಳಿದಿದೆ, ಇನ್ನೊಂದು ಗೋಡೆಯ ಆಚೆ, ಸಮಾಧಿಗಳ ಕಡೆ. ಇಬ್ಬರು ತಾಳಕ್ಕೆ ಸರಿಯಾಗಿ ಎಳೆದರೆ ಮಾತ್ರ ಗಂಟೆ ತುಂಬುಕಂಠದಲ್ಲಿ ಒಂದೊಂದೇ ಸಲ ಬಾರಿಸುತ್ತದೆ. ಒಬ್ಬರೇ ಎಳೆದರೆ ಅದರ ನಾಲಗೆ ತಡವರಿಸಿ, ಹೊಡೆದ ಹಿಂದೆಯೇ ಇನ್ನೊಮ್ಮೆ ಸಣ್ಣಗೆ ಹೊಡೆಯುತ್ತದೆ. ಆ ತಡವರಿಕೆ ಇಲ್ಲಿ ಸಾವಿನ ಗಂಟೆ. ಕೇಳಿದ ಕೂಡಲೇ ಜನ ಒಲೆ ಆರಿಸಿ ಬಾಗಿಲಿಗೆ ಬಂದು, ಯಾರ ಮನೆಯಲ್ಲಿ ಎಂದು ಕೇಳುತ್ತಾರೆ. ಸಾವಿಲ್ಲದೆ ಒಬ್ಬರೇ ಎಳೆದರೆ ಆ ಗಂಟೆ ಒಂದು ಹೆಸರನ್ನು ಹುಡುಕಿಕೊಂಡು ಹೋಗುತ್ತದೆ ಎಂಬ ನಂಬಿಕೆಯೂ ಉಂಟು. ಇದನ್ನೆಲ್ಲ ನಂಬುವುದಿಲ್ಲ ಎನ್ನುವ ಕಾಲೇಜು ಹುಡುಗರೂ ಒಂಟಿಯಾಗಿ ಆ ಹಗ್ಗ ಮುಟ್ಟಿದ್ದನ್ನು ಯಾರೂ ಕಂಡಿಲ್ಲ.

ಇನ್ನೊಂದು ಕಟ್ಟಳೆಯಿದೆ. ಈ ಇಗರ್ಜಿಗೆ ಎರಡು ವಾಡೊ, ಅಂದರೆ ಎರಡು ಕೇರಿ. ಕದ್ರಿಯ ಕಡೆ ಏರುವ ರಸ್ತೆಯ ಮೇಲಿನ ವಾಡೊದಲ್ಲಿ ಗಲ್ಫ್ ಕಂಡು ಬಂದವರು, ಮೇಷ್ಟ್ರುಗಳು, ನರ್ಸುಗಳು. ಬಂದರಿಗೆ ಇಳಿಯುವ ಕೆಳಗಿನ ವಾಡೊದಲ್ಲಿ ಗ್ಯಾರೇಜು, ದೋಣಿ, ಗೇರುಬೀಜದ ಫ್ಯಾಕ್ಟರಿ ನೆಚ್ಚಿದವರು. ಬೆಳಗಿನ ಗಂಟೆಗೆ ಇಗರ್ಜಿಯ ಕಡೆಯ ಹಗ್ಗ ಕೆಳಗಿನವರದ್ದು, ಸಮಾಧಿಯ ಕಡೆಯದ್ದು ಮೇಲಿನವರದ್ದು. ಒಂದೇ ವಾಡೊದ ಇಬ್ಬರು ಎಳೆಯುವ ಹಾಗಿಲ್ಲ. ಯಾವ ಪಾದ್ರಿ ಈ ನಿಯಮ ಮಾಡಿದರೋ, ತಮ್ಮ ಕುರಿಗಳ ಕೊಂಬಿನ ಅಂದಾಜು ಅವರಿಗೆ ಚೆನ್ನಾಗಿಯೇ ಇತ್ತು.

ಜೋನ್ ಕೆಳಗಿನ ವಾಡೊದವರು. ಗಂಟೆ ಮುಗಿಸಿ, ಇಗರ್ಜಿಯ ಅಂಗಳ ಗುಡಿಸಿ, ಬುತ್ತಿ ಹಿಡಿದು ಗೇರುಬೀಜ ಸುಲಿಯಲು ಹೋಗುತ್ತಾರೆ. ಬೀಜದ ಎಣ್ಣೆಗೆ ಕಪ್ಪಾದ ಬೆರಳು, ಹಗ್ಗಕ್ಕೆ ಗಟ್ಟಿಯಾದ ಅಂಗೈ. "ಅಮ್ಮ ಎಳೀತಿದ್ದರು. ಅವರ ಸೊಂಟ ಹೋಯಿತು, ನಾನು ಹಿಡಿದೆ. ಅದರಲ್ಲಿ ಎಂತ ದೊಡ್ಡದುಂಟು?" ಎನ್ನುತ್ತಾರೆ. ಮಳೆಗಾಲದಲ್ಲಿ ನೆನೆದ ಹಗ್ಗ ಕಬ್ಬಿಣದಷ್ಟು ತೂಗುತ್ತದೆ. ಎಡಭುಜ ಈಗ ತಲೆಬಾಚಲೂ ಏಳುವುದಿಲ್ಲ. ಡಾಕ್ಟರು ಸಾಕು ಎಂದಿದ್ದಾರೆ. ಡಾಕ್ಟರಿಗೆ ಹೂಂ ಎಂದು, ಮರುದಿನ ಬೆಳಿಗ್ಗೆ ಇಲ್ಲಿಗೇ ಬಂದಿದ್ದಾರೆ.

ಗೋಡೆಯ ಆಚೆ ಬಹುಕಾಲ ನಿಂತವರು ಮೇಲಿನ ವಾಡೊದ ಜಾರ್ಜ್ ಮಾಸ್ಟ್ರು. ಗಂಟೆಗೆ ಮೊದಲು ಮಾತಾಡಬಾರದು ಎಂಬುದು ಕ್ರಮ, ಹಾಗಾಗಿ ಇಬ್ಬರ ನಡುವೆ ಮಾತೆಲ್ಲ ಹಗ್ಗದಲ್ಲೇ. ಜೋನ್ ಒಮ್ಮೆ ಜಗ್ಗಿದರೆ, ಮಾಸ್ಟ್ರು ಎರಡು ಸಲ ಜಗ್ಗಿ ಉತ್ತರ ಕೊಡುತ್ತಿದ್ದರು. "ಎರಡು ಯಾಕೆ ಮಾಸ್ಟ್ರೆ ಅಂತ ಒಮ್ಮೆ ಕೇಳಿದೆ. ಒಂದು ನಿನಗೆ, ಒಂದು ದೇವರಿಗೆ ಅಂದರು. ಮತ್ತೆ ಕೇಳಲಿಲ್ಲ." ಕಳೆದ ವರ್ಷ ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಮಾಸ್ಟ್ರು ತೀರಿಕೊಂಡರು. ಅವರಿಗಾಗಿ ಹಗ್ಗವನ್ನು ಒಂಟಿಯಾಗಿ ಎಳೆದವರು ಜೋನ್. ಅವರನ್ನು ಮಣ್ಣು ಮಾಡಿದ್ದೂ ಆಚೆ ಹಗ್ಗದ ಹತ್ತಿರದಲ್ಲೇ.

ಮಾಸ್ಟ್ರ ಜಾಗಕ್ಕೆ ಮೇಲಿನ ವಾಡೊದ ಮುಖಂಡ ಮರ್ವಿನ್ ಬಂದರು. ಅಷ್ಟರಲ್ಲೇ ಶುರುವಾಯಿತು ಜಗಳ. ವರ್ಷದ ಹಬ್ಬದ ಮೆರವಣಿಗೆ ಬಂದರಿಗೆ ಇಳಿಯುವುದು ಬೇಡ, ಮೇಲಿನ ರಸ್ತೆಯಲ್ಲೇ ಸುತ್ತಿ ಬರಲಿ ಎಂದು ಮೇಲಿನವರು ಹೇಳಿದರು. ಟ್ರಾಫಿಕ್ ಎಂದಿದ್ದರೆ ಮುಗಿಯುತ್ತಿತ್ತು. ಯಾರೋ ಬಾಯಿ ತಪ್ಪಿ, ಮೀನಿನ ನೀರು ಬಟ್ಟೆಗೆ ತಾಗುತ್ತದೆ ಎಂದುಬಿಟ್ಟರು. ಆ ನೀರಿನಲ್ಲೇ ಅನ್ನ ಕಂಡವರು ಸುಮ್ಮನಿರುತ್ತಾರೆಯೇ? ಸಭೆಯಲ್ಲಿ ಕುರ್ಚಿಗಳು ಬಿದ್ದವು. ಒಂದೇ ಪೀಠದ ಮುಂದೆ ಮೊಣಕಾಲೂರುವ ಜನ ಪೂಜೆಯಲ್ಲಿ ಒಬ್ಬರಿಗೊಬ್ಬರು ಶಾಂತಿಯ ನಮಸ್ಕಾರ ಹೇಳುವುದನ್ನೂ ಬಿಟ್ಟರು. ಕೆಳಗಿನವರು ಕ್ಷಮೆ ಕೇಳುವವರೆಗೆ ನಮ್ಮ ವಾಡೊದ ಯಾರೂ ಹಗ್ಗ ಮುಟ್ಟಬಾರದು ಎಂದು ಮರ್ವಿನ್ ಅಪ್ಪಣೆ ಕೊಟ್ಟರು. ಫಾದರ್ ಬೇಸತ್ತು ಹೇಳಿದರು: "ಒಂದು ಬೆಳಿಗ್ಗೆ ಗಂಟೆ ನಿಂತರೂ ಸಾಕು, ಸ್ವಿಚ್ ಒತ್ತಿದರೆ ಹೊಡೆಯುವ ಗಂಟೆ ತರಿಸುತ್ತೇನೆ. ಹಗ್ಗ ಎರಡನ್ನೂ ಕೊಯ್ಯಿಸುತ್ತೇನೆ."

ಮರುದಿನ ಶುಕ್ರವಾರ. ಜೋನ್ ರಾತ್ರಿಯಿಡೀ ಮಗ್ಗಲು ಬದಲಿಸಿ, ಬೆಳಿಗ್ಗೆ ಗೋಪುರಕ್ಕೆ ಬಂದರು. ಒಬ್ಬರೇ ಎಳೆದರೆ ಸಾವಿನ ಗಂಟೆ. ಎಳೆಯದಿದ್ದರೆ ಗಂಟೆಗೇ ಸಾವು. "ಹಗ್ಗಕ್ಕೆ ಒಮ್ಮೆ ದೇವ್ ಬರೆಂ ಕರುಂ, ದೇವರು ಒಳ್ಳೆಯದು ಮಾಡಲಿ, ಅಂತ ಹೇಳಿ ಮನೆಗೆ ಹೋಗುವ ಅಂತ ಬಂದದ್ದು. ಕೈಗೆ ಅಭ್ಯಾಸ ನೋಡಿ, ಜಗ್ಗಿಬಿಟ್ಟಿತು."

ಹಗ್ಗ ಮೇಲಕ್ಕೆ ಸರಿಯಿತು. ನಿಂತಿತು. ಇನ್ನೊಮ್ಮೆ ಸರಿಯಿತು.

ಜೋನ್ ಅವರ ಮೈಯೆಲ್ಲ ಮುಳ್ಳೆದ್ದಿತು. ಆದರೂ ಎಳೆದರು. ಆಚೆಯಿಂದ ಬಿಟ್ಟದ್ದು, ಹಿಡಿದದ್ದು, ಒಂದಿಷ್ಟೂ ತಾಳ ತಪ್ಪಲಿಲ್ಲ. ಗಂಟೆ ತುಂಬುಕಂಠದಲ್ಲಿ ಬಾರಿಸಿತು. ಮುಗಿದ ಮೇಲೆ ಅವರು ಹೊರಗಿನಿಂದ ಸುತ್ತಿಕೊಂಡು ಸಮಾಧಿಗಳ ಕಡೆ ಹೋದರು. ಹಗ್ಗದ ತುದಿಯ ಗಂಟು ಇನ್ನೂ ತೂಗುತ್ತಿತ್ತು. ಸುತ್ತಲಿನ ಹುಲ್ಲಿನ ಮೇಲೆ ಇಬ್ಬನಿ ಇದ್ದ ಹಾಗೇ ಇತ್ತು, ಒಂದು ಹೆಜ್ಜೆಯೂ ಬಿದ್ದಿರಲಿಲ್ಲ. ಬಾವಲಿಗಳು ಗೋಪುರಕ್ಕೆ ಮರಳದೆ ಹೊರಗಿನ ಹಲಸಿನ ಮರದಲ್ಲಿ ನೇತುಕೊಂಡಿದ್ದವು. "ಹೆದರಿಕೆ ಆಯಿತಾ ಅಂತ ಕೇಳಿದರೆ, ಆಯಿತು. ಸುಳ್ಳು ಯಾಕೆ ಹೇಳುವುದು? ಆದರೆ ಅಳು ಬಂದದ್ದು ಹೆದರಿಕೆಗೆ ಅಲ್ಲ ಮಾರಾಯ್ರೆ."

ದಿಬ್ಬದ ಬುಡದಲ್ಲಿ ಚಹಾ ಮಾರುವ ಹಸೈನಾರ್, "ಎಂತ ಬಾಯಮ್ಮ, ನಿಮ್ಮವರ ಗಲಾಟೆ ಮುಗಿಯಿತಾ? ಗಂಟೆ ಸರಿ ಕೇಳಿತಲ್ಲ" ಎಂದು ಕೇಳಿದರು. ಜೋನ್ ಚಹಾವನ್ನೂ ಕುಡಿಯದೆ ನಡೆದರು. ಯಾರಿಗೂ ಏನೂ ಹೇಳಲಿಲ್ಲ.

ಶನಿವಾರ ಆಚೆಯಿಂದ ಒಂದೇ ಜಗ್ಗು, ಅದೂ ಹೊಸಬರ ಅಳುಕಿನ ಜಗ್ಗು. ಭಾನುವಾರ ಬೇರೆ ಕೈ, ಗೋಡೆಯಾಚೆ ಕೆಮ್ಮು. ಸೋಮವಾರ ಒಂದು ಸುವಾಸನೆ, ಟಾಲ್ಕಂ ಪೌಡರಿನದ್ದು. ಒಂದೊಂದು ಬೆಳಿಗ್ಗೆಯೂ ಒಂದೊಂದು ಕೈ. ಒಂದು ದಿನವೂ ಗಂಟೆ ನಿಲ್ಲಲಿಲ್ಲ, ಸ್ವಿಚ್ಚಿನ ಗಂಟೆ ಬರಲಿಲ್ಲ. ಜೋನ್ ಮತ್ತೆ ಆ ಕಡೆ ಸುತ್ತಿ ನೋಡಲೂ ಇಲ್ಲ.

ಹಬ್ಬ ಹತ್ತಿರ ಬಂದಾಗ ಫಾದರ್ ಎರಡೂ ವಾಡೊಗಳನ್ನು ಸಭಾಭವನದಲ್ಲಿ ಕೂರಿಸಿದರು. ಜೋನ್ ಹಿಂದಿನ ಬೆಂಚಿನಲ್ಲಿದ್ದರು. ನಮ್ಮವರಲ್ಲಿ ಅಪ್ಪಣೆ ಮೀರಿ ಹಗ್ಗ ಮುಟ್ಟಿದವರು ಯಾರು ಎಂದು ಕೆಳಗಿನವರ ಎದುರೇ ಮೇಲಿನವರೊಬ್ಬರು ಕೇಳಿದರು. ಮೇಲಿನ ವಾಡೊದ ನರ್ಸ್ ಜೂಲಿ ಎದ್ದು ನಿಂತರು. "ಶನಿವಾರ ನಾನು ಹೋದೆ. ಎಂತ ಮಾಡ್ತೀರಿ ಮಾಡಿ." ಅವರ ಹಿಂದೆಯೇ ಕೆಮ್ಮುತ್ತ ಯೂಸ್ಟೇಸ್ ಎದ್ದರು: "ಭಾನುವಾರ ನಾನು." ಸೋಮವಾರ ತಾನು ಎಂದವರು ಮರ್ವಿನ್ ಅವರ ಸ್ವಂತ ಹೆಂಡತಿ ಲಿಡಿಯಾ. ಇಡೀ ಸಭೆ ಮರ್ವಿನ್ ಕಡೆ ತಿರುಗಿತು. ಮುಖಂಡರು ಕನ್ನಡಕ ತೆಗೆದು ಒರೆಸಿ, "ಮಂಗಳವಾರ ನಾನೇ" ಎಂದರು. ಆಗ ಎದ್ದ ನಗು ಬಂದರಿನವರೆಗೆ ಕೇಳಿರಬೇಕು. ಕುರ್ಚಿ ಬೀಳಿಸಿದವರೇ ಹೆಚ್ಚು ನಕ್ಕರು.

"ಮೊದಲು ಯಾರಿಗೆ ಧೈರ್ಯ ಬಂತು?" ಎಂದು ಫಾದರ್ ನಗುತ್ತಲೇ ಕೇಳಿದರು. ಶುಕ್ರವಾರ ಗಂಟೆ ಸರಿಯಾಗಿ ಕೇಳಿತಲ್ಲ, ನಮ್ಮವರೇ ಯಾರೋ ಹೋಗಿದ್ದಾರೆ ಎಂದು ಗೊತ್ತಾಯಿತು, ಅದಕ್ಕೇ ನಾನೂ ಹೋದೆ ಎಂದರು ಜೂಲಿ. ಯೂಸ್ಟೇಸ್ ಅವರದ್ದೂ ಅದೇ ಮಾತು. ಲಿಡಿಯಾ, ಮರ್ವಿನ್ ಇಬ್ಬರದ್ದೂ ಅದೇ. "ಹಾಗಾದರೆ ಶುಕ್ರವಾರ ಹೋದವರು ಯಾರು?" ಮೇಲಿನವರು ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ಏಳಲಿಲ್ಲ. ನಗು ನಿಂತುಹೋಯಿತು. ಜೋನ್ ಕಣ್ಣು ಮುಚ್ಚಿ ಜಪಸರ ತೆಗೆದರು. ಸಭೆಯಲ್ಲಿ ಒಬ್ಬೊಬ್ಬರಾಗಿ ಎಲ್ಲರೂ ಮೊಣಕಾಲೂರಿದರು, ಮೇಲಿನವರು ಯಾರು ಕೆಳಗಿನವರು ಯಾರು ಎಂದು ನೋಡದೆ.

ಆ ವರ್ಷ ಮೆರವಣಿಗೆ ಬಂದರಿಗೆ ಇಳಿಯಿತು. ಮೇಲಿನವರ ಬಿಳಿ ಪ್ಯಾಂಟಿಗೆ ಮೀನಿನ ನೀರು ಧಾರಾಳವಾಗಿ ತಾಗಿತು. ಯಾರೂ ಸಾಯಲಿಲ್ಲ. ಹಾಗೆಂದು ಎರಡು ವಾಡೊ ಜಗಳ ಬಿಟ್ಟಿವೆ ಎಂದಲ್ಲ. ಈಗ ಪಾರ್ಕಿಂಗಿನ ವಿಷಯಕ್ಕೆ ನಡೆಯುತ್ತಿದೆ. ಆದರೆ ಬೆಳಿಗ್ಗೆ ಆಚೆ ಹಗ್ಗಕ್ಕೆ ಮೇಲಿನಿಂದ ಯಾರಾದರೂ ಇಳಿದು ಬಂದೇ ಬರುತ್ತಾರೆ. ಇಂದು ಯಾರ ಸರದಿ ಎಂದು ಗೊತ್ತುಮಾಡಿಲ್ಲ, ಯಾರೂ ಕೇಳುವುದೂ ಇಲ್ಲ. ಎಂದಾದರೂ ಒಂದು ದಿನ ಯಾರೂ ಬರದಿದ್ದರೆ ಎಂಬ ಪ್ರಶ್ನೆಯನ್ನು ಇಲ್ಲಿನ ಜನ ಅರ್ಧಕ್ಕೇ ನಿಲ್ಲಿಸುತ್ತಾರೆ.

ಬೆಳಕು ಹರಿದಿದೆ. ಜೋನ್ ಹಗ್ಗವನ್ನು ಮೊಳೆಗೆ ಸುತ್ತಿ, ನೋಯುವ ಭುಜ ಒತ್ತಿಕೊಳ್ಳುತ್ತಾರೆ. ಏನಾದರೂ ಆಸೆ ಉಂಟಾ ಎಂದು ಕೇಳಿದರೆ ಮೊದಲು ನಗುತ್ತಾರೆ, ಆಮೇಲೆ ಸೆರಗಿನಿಂದ ಕೈ ಒರೆಸುತ್ತ ಹೇಳುತ್ತಾರೆ:

"ನಾನು ಹೋದ ದಿನ ಹಗ್ಗ ಒಬ್ಬರೇ ಎಳೆಯಬೇಕು, ಅದು ಕ್ರಮ. ಮರುದಿನ ಬೆಳಿಗ್ಗೆ ನನ್ನ ಜಾಗದಲ್ಲಿ ನಿಲ್ಲುವವರು ಮೊದಲು ಒಮ್ಮೆ ಮೆಲ್ಲಗೆ ಜಗ್ಗಿ ನೋಡಲಿ. ಆ ಕಡೆಯಿಂದ ಎರಡು ಬಂದರೆ ಮಾಸ್ಟ್ರು. ಒಂದು ಬಂದರೆ, ಒಂದೋ ಮೇಲಿನ ವಾಡೊದವರು, ಇಲ್ಲವೋ ನಾನು. ಯಾರೇ ಆಗಲಿ, ಹೆದರಿ ಹಗ್ಗ ಬಿಡುವುದು ಬೇಡ ಅಂತ ಹೇಳಿ."